ತಂಪು ಬೇಕಾದ ಯಂತ್ರ

ನಮ್ಮ ಸಂಘದ ಆಳಂದ ಆಫೀಸಿನಲ್ಲಿ ಎ.ಸಿ. ಭಾಗ್ಯ ಇದ್ದದ್ದು ಒಬ್ಬರಿಗೆ ಮಾತ್ರ. ಅಧ್ಯಕ್ಷರಿಗಲ್ಲ, ಸೆಕ್ರೆಟರಿ ಸಾಹೇಬರಿಗಲ್ಲ, ನನಗಂತೂ ಅಲ್ಲವೇ ಅಲ್ಲ. ಮೂಲೆಯ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಕೂತು ಸದಾ ಗುಂಯ್‌ಗುಡುತ್ತಿದ್ದ ಸರ್ವರ್ ಎಂಬ ಕಪ್ಪು ಡಬ್ಬಿಗೆ. ನಾವು ಉಳಿದವರು ತಗಡಿನ ಹಾಲ್‌ನಲ್ಲಿ ಬೇಯುತ್ತಿದ್ದೆವು. ಆ ಕಟ್ಟಡ ಮೊದಲು ಹತ್ತಿಯ ಗೋದಾಮು. ಹತ್ತಿಗೆ ಸೆಕೆ ಆಗುವುದಿಲ್ಲವಾದ್ದರಿಂದ ಮೇಲೆ ತಗಡು ಹೊದಿಸಿದ್ದರು. ಆಮೇಲೆ ಹತ್ತಿ ತೆಗೆದು ನಮ್ಮನ್ನು ತುಂಬಿದರು, ತಗಡು ಹಾಗೇ ಉಳಿಯಿತು.

ನಮ್ಮದು ಬೀಜ ಬೆಳೆಯುವ ರೈತರ ಸಂಘ. ತೊಗರಿ, ಹೆಸರು, ಉದ್ದಿನ ಬೀಜ ಬೆಳೆದು, ಜರಡಿ ಹಿಡಿದು, ಚೀಲ ತುಂಬಿ ಮುಂಗಾರಿಗೆ ಮುಂಚೆ ಮಾರುವುದು ಕೆಲಸ. ಮುಖ್ಯ ಆಫೀಸು ಆಳಂದದಲ್ಲಿ, ಶಾಖೆಗಳು ಅಫಜಲಪುರ ಮತ್ತು ಜೇವರ್ಗಿಯಲ್ಲಿ. ಮೂರೂ ಕಡೆಯ ಲೆಕ್ಕ, ದಾಸ್ತಾನು, ರೈತರ ಹೆಸರು ಎಲ್ಲ ಈ ಡಬ್ಬಿಯೊಳಗೆ. ನಾನು ಸಂಘದ ಗಣಕ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ ಆದ್ದರಿಂದ ನನ್ನ ಕೈಕೆಳಗಿನವಳೂ ನಾನೇ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವವಳೂ ನಾನೇ.

ಸರ್ವರ್ ಕೊಂಡಾಗ ಮಾರಿದವರು ಒಂದು ಮಾತು ಹೇಳಿದ್ದರು: ತಂಪು ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಆಡಳಿತ ಮಂಡಳಿ ಚಹಾ ಆರುವುದರೊಳಗೆ ಎ.ಸಿ. ಮಂಜೂರು ಮಾಡಿತು. ಹಾಲ್‌ಗೆ ಎರಡು ಕೂಲರ್ ಕೊಡಿರೆಂದು ಸಿಬ್ಬಂದಿ ಕೊಟ್ಟ ಅರ್ಜಿಯ ಮೇಲೆ ಮಾತ್ರ ‘ಪರಿಶೀಲಿಸಿ’ ಎಂದು ಬರೆದು ಇಟ್ಟಿದ್ದರು. ಅದನ್ನು ಯಾರು ಪರಿಶೀಲಿಸಬೇಕೆಂದು ಬರೆದಿರಲಿಲ್ಲ. ಹೀಗಾಗಿ ಯಾರೂ ಪರಿಶೀಲಿಸಲಿಲ್ಲ, ಯಾರ ಮೇಲೂ ತಪ್ಪು ಬರಲಿಲ್ಲ.

ಬೇಸಿಗೆ ಹತ್ತಿದರೆ ಸಾಕು, ಊರಿನ ಗಣ್ಯರಿಗೆಲ್ಲ ಸರ್ವರ್‌ನ ಆರೋಗ್ಯದ ಚಿಂತೆ ಹತ್ತುತ್ತಿತ್ತು. ಒಬ್ಬ ನಿರ್ದೇಶಕರು ಮಟಮಟ ಮಧ್ಯಾಹ್ನ ಬಂದು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಎ.ಸಿ.ಯ ಬಾಯಿಗೆ ಎದೆ ಒಡ್ಡಿ ನಿಲ್ಲುವರು. “ಸರ್ವರ್ ಹ್ಯಾಂಗದರೀ ಮೇಡಂ?” “ಆರಾಮ ಅದರಿ.” “ಬರೋಬರ್ ನೋಡ್ಕೋರಿ, ಸಂಘದ ಜೀವ ಅದು.” ಇಷ್ಟು ಹೇಳಿ ಇನ್ನೂ ಅರ್ಧ ಗಂಟೆ ಸಂಘದ ಜೀವದ ಹತ್ತಿರ ನಿಂತಿರುವರು. ಲೆಕ್ಕಿಗರು ಮೊಸರಿನ ಡಬ್ಬಿ ಅಲ್ಲಿಯೇ ಇಡುತ್ತಿದ್ದರು. ಜಿಡಗಾದ ಕಡೆಯಿಂದ ಬರುವ ಒಬ್ಬ ಹಿರಿಯ ಸದಸ್ಯರು ಅಮಾಸಿಗೆ ಮಠಕ್ಕೆ ಹೋಗಿ ವಾಪಸು ಬರುವಾಗ ತಪ್ಪದೆ ಇಳಿದು, ಸರ್ವರ್‌ಗೆ ಕೈಮುಗಿದು, ಅದರೆದುರೇ ಸಣ್ಣದೊಂದು ನಿದ್ದೆ ತೆಗೆಯುತ್ತಿದ್ದರು.

ಆ ಕೋಣೆಯಲ್ಲಿ ನಿಜವಾಗಿ ಕೂಡಬೇಕಾದವಳು ಬೇರೆ ಇದ್ದಳು.

ಅವಳು ನಮ್ಮ ಆಪರೇಟರ್. ಬೀಜದ ರಸೀದಿಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಗುತ್ತಿಗೆಯ ನೌಕರಿ, ಅಂದರೆ ಬಂದರೆ ಉಂಟು, ಬರದಿದ್ದರೆ ಹೆಸರು ಕಾಟು. ಮನೆಯಲ್ಲಿ ದಖನಿ ಉರ್ದು, ಆಫೀಸಿನಲ್ಲಿ ನಮ್ಮ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ಟಂಟಂ ಆಟೊ ಓಡಿಸುತ್ತಾನೆ. ನಾನು ಹೇಳಹೊರಟ ಬೇಸಿಗೆಯ ಹಿಂದಿನ ವರ್ಷ ಅವಳು ಬಸುರಿ. ಮೇ ತಿಂಗಳ ಒಂದು ಮಧ್ಯಾಹ್ನ ರಸೀದಿ ಏರಿಸುತ್ತಿದ್ದವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. ಬೀಜದ ಗಾಡಿಯಲ್ಲೇ ಮಲಗಿಸಿಕೊಂಡು ದವಾಖಾನೆಗೆ ಒಯ್ದೆವು. ಅವಳು ಉಳಿದಳು, ಒಳಗಿನದು ಉಳಿಯಲಿಲ್ಲ. ಡಾಕ್ಟರಮ್ಮ ನನ್ನನ್ನೇ ಅವಳ ಅಕ್ಕನೆಂದು ತಿಳಿದು, “ಇಷ್ಟು ಝಳದಾಗ ಕೂಡಿಸ್ತಾರೇನ್ರಿ ಬಸುರಿನ್ನ?” ಎಂದು ಬೈದರು. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಸಂಘದ ಪರವಾಗಿ ಬೈಸಿಕೊಳ್ಳುವುದಕ್ಕೆ ಬೇರೆ ಯಾರೂ ಅಲ್ಲಿ ಇರಲಿಲ್ಲ.

ಮರುವರ್ಷದ ಬೇಸಿಗೆಗೆ ಅವಳು ಮತ್ತೆ ಬಸುರಿ. ದಿನ ತುಂಬುವುದು ಮಳೆ ಹಿಡಿದ ಮೇಲೆ. ನಡುವೆ ಏಪ್ರಿಲ್, ಮೇ ಎಂಬ ಎರಡು ಕೆಂಡದ ತಿಂಗಳು. ಮನೆಯಲ್ಲಿ ಇರೋಣವೆಂದರೆ ಅವರ ಮನೆಯದೂ ತಗಡೇ, ಮೇಲಾಗಿ ನೌಕರಿಯೂ ಹೋಗುತ್ತದೆ. ಇಡೀ ಆಳಂದದಲ್ಲಿ ಅವಳಿಗೆ ದಕ್ಕಬಹುದಾದ ತಂಪು ಒಂದೇ ಕಡೆ ಇತ್ತು. ನಾನು ಸೆಕ್ರೆಟರಿ ಸಾಹೇಬರಿಗೆ ಒಂದು ಟಿಪ್ಪಣಿ ಬರೆದೆ: ‘ಸರ್ವರ್‌ನ ದೀಪಗಳ ಬಣ್ಣ ಬದಲಾವಣೆಯನ್ನು ನಿರಂತರವಾಗಿ ಗಮನಿಸಲು ಸದರಿ ಕೋಣೆಯಲ್ಲಿ ಒಬ್ಬ ಸಿಬ್ಬಂದಿಯ ಅವಶ್ಯಕತೆ ಇರುತ್ತದೆ.’ ಆ ದೀಪಗಳು ನಾನು ಕಂಡಂದಿನಿಂದ ಹಸಿರೇ. ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಗಾಜಿನಾಚೆ ಹಾಲ್‌ನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಅವಳನ್ನು ನೋಡಿದರು, ಸಹಿ ಹಾಕಿದರು. ಅವತ್ತೇ ಅವಳ ಮೇಜು ಒಳಗೆ ಬಂತು.

ಇನ್ನು ಈ ಬೇಸಿಗೆ ದಾಟಿದಂತೆಯೇ ಅಂದುಕೊಂಡಿದ್ದಾಗ ಕ್ಲೌಡ್ ಬಂತು.

ಅದಕ್ಕೂ ಕಾರಣ ಇತ್ತು, ಸುಳ್ಳು ಹೇಳಬಾರದು. ಆಳಂದದಲ್ಲಿ ಕರೆಂಟು ಹೋದರೆ, ಯಾರಾದರೂ ರಸ್ತೆ ಅಗೆದು ಕೇಬಲ್ ಕಡಿದರೆ, ಜೇವರ್ಗಿ ಮತ್ತು ಅಫಜಲಪುರದ ಶಾಖೆಗಳು ಕೈಕಟ್ಟಿ ಕೂಡುತ್ತಿದ್ದವು. ನಮ್ಮಲ್ಲಿ ರಸ್ತೆ ಮಾಡುವವರಿಗಿಂತ ಅಗೆಯುವವರು ಹೆಚ್ಚು ಚುರುಕು. ಜೇವರ್ಗಿಯ ನಿರ್ದೇಶಕರು ಸಭೆಯಲ್ಲಿ ಮೇಜು ಕುಟ್ಟಿದರು. ಆಮೇಲೆ ಕಲಬುರಗಿಯಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು: ಸರ್ವರ್ ಕ್ಲೌಡಿಗೆ ಹೋದರೆ, ಅಂದರೆ ದೂರದ ದೊಡ್ಡ ಕಂಪನಿಯ ಯಂತ್ರಗಳ ಮೇಲೆ ಬಾಡಿಗೆಗೆ ಕೂತರೆ, ಇಲ್ಲಿಯ ಧೂಳಿಲ್ಲ, ಕರೆಂಟಿನ ಚಿಂತೆ ಇಲ್ಲ, ಇನ್ವರ್ಟರ್ ಬೇಡ, ಎ.ಸಿ. ಬೇಡ.

ಅಲ್ಲಿಯವರೆಗೆ ಕಣ್ಣು ಮುಚ್ಚಿ ಆಲಿಸುತ್ತಿದ್ದ ಅಧ್ಯಕ್ಷರು ಕಣ್ಣು ತೆರೆದರು. “ಎ.ಸಿ. ಬ್ಯಾಡೇನ್ರಿ?”

“ಬೇಡ ಸರ್.”

“ಹಂಗಾರ ಈಗಿರೂದು?”

“ಬೇರೆ ಕಡೆ ಉಪಯೋಗಿಸಬಹುದು ಸರ್.”

“ನನ್ನ ಚೇಂಬರಿಗೆ ಹಾಕ್ರಿ,” ಎಂದರು ಅಧ್ಯಕ್ಷರು. ಕ್ಲೌಡ್ ಎಂದರೇನೆಂದು ಆಮೇಲೆ ಒಬ್ಬರೂ ಕೇಳಲಿಲ್ಲ. ಠರಾವು ಪಾಸಾಯಿತು. ಸಲಹೆಗಾರರ ಕೆಲಸ ಸಲಹೆ ಕೊಡುವುದು ಮಾತ್ರವಾದ್ದರಿಂದ, ಉಳಿದ ಚಿಲ್ಲರೆ ಕೆಲಸ, ಅಂದರೆ ಕೆಲಸವೆಲ್ಲ, ನನಗೆ ಬಂತು. ಬಿತ್ತನೆ ಬೀಜದ ಗದ್ದಲ ಶುರುವಾಗುವ ಮೊದಲು ಮುಗಿಯಬೇಕು ಎಂದರು. ಅಂದರೆ ಸರಿಯಾಗಿ ಉರಿಬಿಸಿಲಿನ ನಡುಮಧ್ಯದಲ್ಲಿ ನಾನು ಅವಳ ತಲೆಯ ಮೇಲಿನ ತಂಪನ್ನು ಕಿತ್ತು ಅಧ್ಯಕ್ಷರ ತಲೆಯ ಮೇಲೆ ಇಡಬೇಕು. ಅಧ್ಯಕ್ಷರಾದರೋ ವಾರಕ್ಕೊಮ್ಮೆ ಬಂದು, ಪೇಪರ್ ಓದಿ, ಚೂಡಾ ತಿಂದು ಹೋಗುವವರು.

ಅವಳಿಗೆ ವಿಷಯ ಹೇಳಿದೆ. ಅವಳು ಕೀಬೋರ್ಡಿನಿಂದ ಕೈ ತೆಗೆಯದೆ, “ಯಾವಾಗ ಅಕ್ಕಾ?” ಎಂದಳು ಅಷ್ಟೇ. ಆ ‘ಯಾವಾಗ’ ನನ್ನ ನೆತ್ತಿಗೇರಿತು. ಆದರೆ ಬೈಯುವುದಕ್ಕೆ ಎದುರಿಗೆ ಅವಳ ಹೊರತು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನೇ ಬೈದುಕೊಂಡೆ.

ಕೆಲಸ ಶುರುಮಾಡಿದೆ. ತಿಳಿಯದವರಿಗೆ ಒಂದು ಮಾತು: ಆ ಕಪ್ಪು ಡಬ್ಬಿಯೊಳಗೆ ನಿಜವಾಗಿ ದುಡಿಯುತ್ತಿದ್ದದ್ದು ಇನ್ನೊಂದು ಯಂತ್ರ. ಅದಕ್ಕೆ ಮೈಯಿಲ್ಲ. ಲಿನಕ್ಸ್‌ನ ವರ್ಚುವಲ್ ಮಷೀನ್ ಅದು. ಅದರ ಡಿಸ್ಕು, ಲೆಕ್ಕ, ನೆನಪು ಎಲ್ಲ ಸೇರಿ ಒಂದೇ ಒಂದು ದೊಡ್ಡ ಕಡತ, ಅದಕ್ಕೆ ಇಮೇಜ್ ಅನ್ನುತ್ತಾರೆ. ಆ ಇಮೇಜನ್ನು ಶುಚಿಮಾಡಿ, ಕ್ಲೌಡಿನವರು ಕೇಳುವ ನಮೂನೆಗೆ ಪರಿವರ್ತಿಸಿ, ಅಲ್ಲಿಗೆ ಏರಿಸಿದರೆ, ಇಲ್ಲಿ ಬದುಕಿದ ಯಂತ್ರ ಅಲ್ಲಿ ಕಣ್ಣು ಬಿಡಬೇಕು. ಹೇಳುವುದಕ್ಕೆ ಇಷ್ಟೇ.

ಶುಚಿಮಾಡಲು ಕೂತಾಗ ತಿಳಿಯಿತು ನಮ್ಮ ಯಂತ್ರದ ಸಂಸಾರ. ನಿವೃತ್ತರಾದವರ ಖಾತೆಗಳು ಜೀವಂತ, ರಾಜೀನಾಮೆ ಕೊಟ್ಟವರವು ಜೀವಂತ, ತೀರಿಕೊಂಡ ಒಬ್ಬರದೂ ಜೀವಂತ. ಎಲ್ಲಕ್ಕಿಂತ ಹೆಚ್ಚು ಜಾಗ ತಿಂದು ಕೂತಿದ್ದದ್ದು ‘ವಾರ್ಷಿಕ ವರದಿ’ ಎಂಬ ಫೋಲ್ಡರ್. ತೆರೆದರೆ ಲೆಕ್ಕಿಗರ ಮಗಳ ಮದುವೆಯ ವಿಡಿಯೊ, ಅರಿಶಿಣ ಹಚ್ಚುವುದರಿಂದ ಹಿಡಿದು ಬೀಗರ ಊಟದವರೆಗೆ. ಕೇಳಿದೆ. ಅವರು ಸ್ವಲ್ಪವೂ ಅಳುಕದೆ, “ಮನ್ಯಾಗ ಇಟ್ರ ಸಿ.ಡಿ. ಖರಾಬ್ ಆಗ್ತದ್ರಿ ಮೇಡಂ. ಇಲ್ಲಿ ಎ.ಸಿ. ಅದಲ್ಲರಿ,” ಎಂದರು. ಅಳಿಸಬೇಡಿರೆಂದು ಕೈ ಹಿಡಿದುಕೊಂಡರು. ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಸಂಘದ ಅಸಲು ವಾರ್ಷಿಕ ವರದಿಗಳು ಎಲ್ಲಿಯೂ ಸಿಗಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

ಆಮೇಲೆ ಯಂತ್ರದ ಹಟಗಳನ್ನು ಬಿಡಿಸುತ್ತ ಹೋದೆ. ಅದು ತನ್ನ ಡಿಸ್ಕನ್ನು ಈ ಮನೆಯಲ್ಲಿ ಇಟ್ಟ ಹೆಸರಿನಿಂದಲೇ ಕರೆಯುತ್ತಿತ್ತು. ಬೇರೆ ಕಡೆ ಹೋದರೆ ಆ ಹೆಸರೇ ಬೇರೆ. ಹೆಸರು ತೆಗೆದು, ಎಲ್ಲಿ ಹೋದರೂ ಬದಲಾಗದ ಉದ್ದನೆಯ ಗುರುತಿನ ಸಂಖ್ಯೆ ಹಾಕಿದೆ. ಹಳೆಯ ನೆಟ್‌ವರ್ಕ್ ಕಾರ್ಡಿನ ನಂಬರನ್ನು ಎದೆಗವಚಿಕೊಂಡು, ಹೊಸದು ಬಂದರೆ ಒಳಗೆ ಬಿಡುವುದಿಲ್ಲ ಎನ್ನುತ್ತಿತ್ತು. ಅದನ್ನೂ ಮರೆಸಿದೆ. ತನ್ನ ವಿಳಾಸ ತಾನೇ ಇಟ್ಟುಕೊಳ್ಳದೆ, ಹೋದ ಊರಿನವರು ಕೊಟ್ಟ ವಿಳಾಸ ತೆಗೆದುಕೊಳ್ಳಲು ಕಲಿಸಿದೆ. ಅವಳು ಪಕ್ಕದ ಮೇಜಿನಲ್ಲಿ ರಸೀದಿ ಏರಿಸುತ್ತಲೇ ನಡುನಡುವೆ ತಿರುಗಿ ನೋಡುತ್ತಿದ್ದಳು.

“ಗಂಡನ ಮನಿಗಿ ಕಳಿಸೂ ತಯಾರಿ ನಡದದ ಏನಕ್ಕಾ?” ಎಂದಳು ಒಮ್ಮೆ.

“ಹೂಂ. ಹೋದಲ್ಲಿ ಹೊಂದ್ಕೊಂಡು ಇರು ಅಂತ ಬುದ್ಧಿ ಹೇಳಾಕತ್ತೇನಿ.”

“ನಮಗ ಹೇಳಿದ್ರು ಹಂಗ. ತಗಡಿನ ಮನಿ ಅಂತ ಒಬ್ರೂ ಹೇಳಲಿಲ್ಲ ನೋಡ್ರಿ,” ಎಂದು ನಕ್ಕಳು. ನಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

ಒಂದು ಭಾನುವಾರ ಯಂತ್ರವನ್ನು ನಿಲ್ಲಿಸಿ ಇಮೇಜಿನ ಪ್ರತಿ ತೆಗೆದು ಪರಿವರ್ತಿಸಿದೆ. ಆಳಂದದ ಲೈನಿನ ಮೇಲೆ ಅಷ್ಟು ದೊಡ್ಡ ಕಡತ ಏರಿಸಲು ಕೂತರೆ ಅವಳ ಹೆರಿಗೆಯಾಗಿ, ಮಗು ಶಾಲೆಗೆ ಸೇರಿದ ಮೇಲೂ ಏರುತ್ತಲೇ ಇರುತ್ತಿತ್ತು. ಹೀಗಾಗಿ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ರೊಟ್ಟಿಯ ಡಬ್ಬಿಯ ಪಕ್ಕ ಚೀಲದಲ್ಲಿ ಇಟ್ಟುಕೊಂಡು ಕಲಬುರಗಿಯ ಬಸ್ ಹತ್ತಿದೆ. ಮೋಡಕ್ಕೆ ಹೋಗಬೇಕಾದ ಯಂತ್ರ ಮೊದಲು ಕೆಂಪು ಬಸ್ಸಿನಲ್ಲಿ, ಒಬ್ಬರ ಈರುಳ್ಳಿ ಚೀಲದ ಮೇಲೆ ಕಾಲಿಟ್ಟು ಕೂತ ನನ್ನ ತೊಡೆಯ ಮೇಲೆ ಪ್ರಯಾಣ ಮಾಡಿತು. ಕಲಬುರಗಿಯಲ್ಲಿ ಪರಿಚಯದವರೊಬ್ಬರ ಆಫೀಸಿನ ಒಳ್ಳೆಯ ಲೈನಿನಿಂದ ಏರಿಸಿ, ಚಾಲು ಮಾಡಿದೆ.

ಏಳಲಿಲ್ಲ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಓಡಿದವು, ನಿಂತವು. ಡಿಸ್ಕೇ ಕಾಣುತ್ತಿಲ್ಲ ಎಂದು ಹೇಳಿ ಯಂತ್ರ ಕೈಚೆಲ್ಲಿ ಕೂತಿತು.

ನನಗಾದದ್ದು ಖುಷಿ. ಇಂಥ ಖುಷಿ ಗಣಕ ವಿಭಾಗದ ಮುಖ್ಯಸ್ಥೆಗೆ ಶೋಭೆಯಲ್ಲ, ಗೊತ್ತು. ವಾಪಸು ಬಂದು ಅಧ್ಯಕ್ಷರಿಗೆ ಗಂಭೀರ ಮುಖದಿಂದ, “ತಾಂತ್ರಿಕ ತೊಂದರಿ ಆಗೇದ್ರಿ. ಟೈಮ್ ಹಿಡೀತದ,” ಎಂದೆ. ಅಧ್ಯಕ್ಷರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, “ಜಲ್ದಿ ಮಾಡ್ರಿ ತಂಗಿ, ಗರ್ಮಿ ಭಾಳ ಅದ,” ಎಂದರು. ತಾಂತ್ರಿಕ ತೊಂದರೆಗೂ ಗರ್ಮಿಗೂ ಏನು ಸಂಬಂಧವೆಂದು ಅವರ ಪಕ್ಕದಲ್ಲಿದ್ದವರಿಗೆ ಯಾರಿಗೂ ಸಂಶಯ ಬರಲಿಲ್ಲ. ತಾಂತ್ರಿಕ ತೊಂದರೆ ಎಂಬ ಮಾತಿನ ಮಹಿಮೆ ದೊಡ್ಡದು. ಅದನ್ನು ಹಿಡಿದುಕೊಂಡು ಮಳೆ ಬರುವವರೆಗೂ ಆರಾಮವಾಗಿ ಕಳೆಯಬಹುದಿತ್ತು, ಮತ್ತು ನಾನು ಕಳೆಯುವವಳೇ ಇದ್ದೆ.

ಆದರೆ ಶಾಖೆಗಳಿಗೆ ಹೋಗಬೇಕಾಗಿ ಬಂತು. ಅಲ್ಲಿಯ ಕಂಪ್ಯೂಟರುಗಳಿಗೆ ಆಳಂದದ ಹಳೆಯ ವಿಳಾಸವೊಂದೇ ಗೊತ್ತು. ಅದರ ಜೊತೆಗೆ ಕ್ಲೌಡಿನ ಹೊಸ ವಿಳಾಸವನ್ನೂ ಹಾಕಿಡುವ ಕೆಲಸ ಹೇಗಿದ್ದರೂ ಮಾಡಲೇಬೇಕು. ಮೊದಲು ಅಫಜಲಪುರ. ಬಸ್ಸು ಚೌಡಾಪುರದಲ್ಲಿ ನಿಂತಾಗ ಗಾಣಗಾಪುರದಿಂದ ಮರಳಿದ ಮಂದಿ ಹತ್ತಿ, ನನ್ನ ಕೈಗೂ ಒಂದು ತುಣುಕು ಪ್ರಸಾದ ಹಾಕಿದರು. ಅಫಜಲಪುರದ ಶಾಖೆಯ ವ್ಯವಸ್ಥಾಪಕರು ಶಾಂತ ಸ್ವಭಾವದವರು. ಲೈನು ಹೋದರೆ ಬೀಗ ಹಾಕಿ ಚಹಾಕ್ಕೆ ಹೋಗುತ್ತಾರೆ, ಬಂದರೆ ಬರುತ್ತಾರೆ. “ನಮಗೇನೂ ತಕ್ಲೀಫ್ ಇಲ್ರಿ,” ಎಂದರು. ಅವರಿಗೆ ಇರಲಿಲ್ಲ, ನಿಜ.

ಮರುದಿನ ಜೇವರ್ಗಿಗೆ ಹೋದೆ. ಶಾಖೆಯ ಮುಂದೆ ಬೀಜಕ್ಕೆ ಹೆಸರು ಬರೆಸುವ ಸಾಲು ರಸ್ತೆಗೆ ಮುಟ್ಟಿತ್ತು. ಗಂಡಸರು ಚೀಟಿ, ಚಪ್ಪಲಿ, ಕಲ್ಲು ಸಾಲಿನಲ್ಲಿ ಇಟ್ಟು ಬೇವಿನ ಗಿಡದ ನೆರಳಿಗೆ ಹೋಗಿದ್ದರು. ಹೆಂಗಸರು ಮಾತ್ರ ತಾವೇ ನಿಂತಿದ್ದರು. ಅವರ ಕಲ್ಲನ್ನು ಯಾರೂ ಮಾನ್ಯ ಮಾಡುವುದಿಲ್ಲ, ಕಾಲಿನಿಂದ ಸರಿಸುತ್ತಾರೆ. ಸೆರಗು ಹೊದ್ದು, ಬಿಸಿಲಿಗೆ ಬೆನ್ನು ಕೊಟ್ಟು, ಕೆಲವರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಳಗೆ ಕಂಪ್ಯೂಟರು ಬಂದಾಗಿತ್ತು. ಆಳಂದದಲ್ಲಿ ಮತ್ತೆ ಯಾರೋ ಕೇಬಲ್ ಕಡಿದಿದ್ದರು.

ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಕೂಸಿತ್ತು, ನನ್ನ ಚೀಲ ಕಂಡು ಆಫೀಸಿನವಳೆಂದು ಗುರುತಿಸಿದಳು. “ಯಾಕ್ರೆವ್ವಾ, ನಿಮ್ಮ ಮಿಷಿನ್ನಿಗಿ ಏನಾಗೇದ? ಮುಂಜಾನಿಂದ ನಿಂತೇವಿ.”

“ಲೈನ್ ಹೋಗೇದವ್ವಾ.”

“ನಿನ್ನೀನೂ ಹಂಗ ಅಂದ್ರು. ಕೂಸಿನ ಮೈ ನೋಡ್ರಿ, ಸುಡಾಕತ್ತದ.”

ಮುಟ್ಟಿ ನೋಡಿದೆ, ಸುಡುತ್ತಿತ್ತು. ಅವಳನ್ನು ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿದೆ. ಹಿಂದೆಯೇ ಇನ್ನಷ್ಟು ಹೆಂಗಸರು ಬಂದರು. ಕೋಣೆ ತುಂಬಿತು, ಸಾಲು ಮಾತ್ರ ಕರಗಲಿಲ್ಲ. ಆಳಂದದಲ್ಲಿ ಒಬ್ಬಳ ನೆತ್ತಿ ತಂಪಾಗಿರಲೆಂದು ನಾನು ತಾಂತ್ರಿಕ ತೊಂದರೆ ಸಾಕುತ್ತ ಕೂತರೆ, ಇಲ್ಲಿ ಸಾಲುಸಾಲು ಹೆಂಗಸರು ಬಿಸಿಲಿಗೆ ನಿಲ್ಲುತ್ತಾರೆ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಅದೇ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರ ಮೇಲೂ ಸಿಟ್ಟು ಬಂತು. ಅಧ್ಯಕ್ಷರ ಮೇಲೆ, ಕೇಬಲ್ ಕಡಿದವನ ಮೇಲೆ, ಟಿಕೆಟ್ಟಿನ ಚಿಲ್ಲರೆ ಕೊಡದ ಕಂಡಕ್ಟರನ ಮೇಲೆ. ಯಾರ ನೆತ್ತಿಗೆ ಬಿಸಿಲು ಹಂಚಬೇಕೆಂದು ಲೆಕ್ಕ ಹಾಕುವ ಕೆಲಸ ನನಗೆ ಯಾಕೆ ಬಂತು ಎನ್ನುವುದೇ ಅರ್ಥವಾಗಲಿಲ್ಲ.

ಯಂತ್ರ ಯಾಕೆ ಏಳಲಿಲ್ಲ ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಏಳುವಾಗ ಲಿನಕ್ಸ್ ಮೊದಲು ಒಂದು ಸಣ್ಣ ಗಂಟು ಬಿಚ್ಚುತ್ತದೆ. ಡಿಸ್ಕನ್ನು ಗುರುತಿಸುವ ಡ್ರೈವರುಗಳು ಆ ಗಂಟಿನಲ್ಲಿ ಇರಬೇಕು. ನಮ್ಮ ಯಂತ್ರ ಎಂದೂ ಮನೆ ಬಿಟ್ಟು ಹೋಗಿರಲಿಲ್ಲವಾದ್ದರಿಂದ ಗಂಟಿನಲ್ಲಿ ಮನೆಗೆ ಬೇಕಾದಷ್ಟನ್ನೇ ಕಟ್ಟಿಕೊಂಡಿತ್ತು. ಕ್ಲೌಡಿನ ಡಿಸ್ಕು ಬೇರೆ ಜಾತಿಯದು, ಅದರ ಡ್ರೈವರ್ ಗಂಟಿನಲ್ಲಿ ಇಲ್ಲ. ನಮ್ಮ ಕಡೆಯ ಮಂದಿ ಕಲಬುರಗಿಗೆ ಹೋಗಬೇಕಾದರೂ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡೇ ಬಸ್ಸು ಹತ್ತುತ್ತಾರೆ. ಈ ಯಂತ್ರವನ್ನು ನಾನು ಬುತ್ತಿ ಇಲ್ಲದೆ ಅಷ್ಟು ದೂರ ಕಳಿಸಿದ್ದೆ. ಬೇಕಾದ ಡ್ರೈವರುಗಳನ್ನು ಸೇರಿಸಿ ಗಂಟನ್ನು ಹೊಸದಾಗಿ ಕಟ್ಟಿದೆ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಅವಳಿಗೆ ಜೇವರ್ಗಿಯ ಸಾಲಿನ ಕತೆ ಹೇಳಿದೆ. “ಕಳಸ್ರಿ ಅಕ್ಕಾ. ನನ್ನ ಸಲುವಾಗಿ ಇಟ್ಕೋಬ್ಯಾಡ್ರಿ,” ಎಂದಳು.

“ಮತ್ತ ನೀನು?”

“ಅಲ್ಲಾ ನೋಡ್ಕೋತಾನ.”

ಹೋದ ವರ್ಷ ನೋಡಿಕೊಳ್ಳಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ದೇವರ ಮೇಲೆ ಹಾಕಿ ಕೈ ತೊಳೆಯುವವರನ್ನು ಕಂಡರೆ ನನಗೆ ಉರಿಯುತ್ತದೆ. ಆದರೆ ಅವಳು ಕೈ ತೊಳೆಯುತ್ತಿರಲಿಲ್ಲ, ಹೆದರಿದ್ದಳು. ಅಷ್ಟು ಹೆದರಿದವಳೇ ಕಳಿಸಿರೆಂದು ಹೇಳುತ್ತಿದ್ದಳು.

ಬಸವ ಜಯಂತಿಯ ರಜೆಯ ದಿನ ಎರಡನೆಯ ಪ್ರಯತ್ನ. ಮತ್ತೆ ಟವೆಲು, ಮತ್ತೆ ಕೆಂಪು ಬಸ್ಸು. ಈ ಸಲ ಬಿಳಿ ಅಕ್ಷರಗಳು ಓಡಿದವು, ನಿಲ್ಲಲಿಲ್ಲ, ಕೊನೆಗೆ ಬಳಕೆದಾರರ ಹೆಸರು ಕೇಳಿದವು. ಯಂತ್ರ ಎದ್ದು ಕೂತಿತ್ತು. ಜೇವರ್ಗಿಗೆ ಫೋನು ಮಾಡಿ ಮರುದಿನ ಬಾಗಿಲು ತೆರೆದ ಕೂಡಲೇ ನೋಡಲು ಹೇಳಿದೆ. ಮರುದಿನ ಆಳಂದದಲ್ಲಿ ಎಂದಿನಂತೆ ಕರೆಂಟು ಹೋಯಿತು. ಜೇವರ್ಗಿಯಲ್ಲಿ ಸಾಲು ನಡೆಯಿತು. ಮಧ್ಯಾಹ್ನದೊಳಗೆ ಅಂಗಳ ಖಾಲಿ ಎಂದು ಅಲ್ಲಿಯ ಗುಮಾಸ್ತ ಫೋಟೊ ಕಳಿಸಿದ. ಖಾಲಿ ಅಂಗಳದ ಫೋಟೊ ನೋಡಿ ಅಷ್ಟು ಸಂತೋಷಪಟ್ಟವಳು ಆ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ವಾರದೊಳಗೆ ಆಡಳಿತ ಮಂಡಳಿಯ ಸಭೆ. ನಾನು ವರದಿ ಓದಿದೆ, ಚಪ್ಪಾಳೆ ಬಿತ್ತು. ಜೇವರ್ಗಿಯ ನಿರ್ದೇಶಕರು ಶಾಲು ಹೊದಿಸುವ ಮಾತು ಎತ್ತಿದರು. ಆ ಸೆಕೆಯಲ್ಲಿ ಶಾಲು! ಅಧ್ಯಕ್ಷರು ಹೊರಗೆ ನಿಂತಿದ್ದ ಎಲೆಕ್ಟ್ರಿಷಿಯನ್‌ನನ್ನು ಒಳಗೆ ಕರೆಯಲು ಸನ್ನೆ ಮಾಡಿದರು. ಅವನ ಕೈಯಲ್ಲಿ ಡ್ರಿಲ್ಲಿಂಗ್ ಮಷೀನು ತಯಾರಾಗಿತ್ತು.

ನನಗೆ ತಡೆಯಲಾಗಲಿಲ್ಲ. “ಎ.ಸಿ. ತೆಗೀಬ್ಯಾಡ್ರಿ,” ಎಂದೆ.

“ಯಾಕ ತಂಗಿ? ಮಿಷಿನ್ ಹೋತಲ್ಲ?”

“ಮಿಷಿನ್ ಹೋತ್ರಿ. ಆ ಖೋಲ್ಯಾಗ ಒಬ್ಬ ಬಸುರಿ ಕುಂತಾಳ. ಹೋದ ವರ್ಷ ಇದೇ ಹಾಲ್‌ನ್ಯಾಗ ಬಿದ್ದು ಕೂಸು ಕಳ್ಕೊಂಡಾಳ. ನಿಮಗೂ ಗೊತ್ತದ, ಸಂಘದ ಬೀಜದ ಗಾಡಿನ್ಯಾಗೇ ಒಯ್ದೇವಿ. ಡಬ್ಬಿಗಿ ಸೆಕಿ ಆಗ್ತದ ಅಂದ್ರ ಒಂದು ಕಪ್ ಚಾದಾಗ ಎ.ಸಿ. ಕೊಟ್ರಿ. ಹೆಣ್ಮಗಳಿಗಿ ಆಗ್ತದ ಅಂದ್ರ ಏನ್ ಕೊಡ್ತೀರಿ? ಪರಿಶೀಲಿಸಿ ಅಂತ ಬರೀತೀರೇನು?”

ಕೆಲಸ ಹೋಯಿತು ಅಂದುಕೊಂಡೆ. ಅಧ್ಯಕ್ಷರು ನನ್ನನ್ನು ನೋಡಿದರು, ಚೂಡಾದ ತಟ್ಟೆ ನೋಡಿದರು. ಕೊನೆಗೆ ನಿಜವಾಗಿಯೂ ನೊಂದವರ ದನಿಯಲ್ಲಿ, “ಇಷ್ಟು ದಿನ ಹೇಳಬಾರದೇನವಾ? ನಾವೇನು ರಾಕ್ಷಸರಾ?” ಎಂದರು. ಅವರು ಕೆಟ್ಟವರಲ್ಲ, ಅದೇ ಸಂಕಟ. ಕೆಟ್ಟವರಾಗಿದ್ದರೆ ಬೈದು ಮನೆಗೆ ಹೋಗಬಹುದಿತ್ತು.

ಎ.ಸಿ. ಅವಳ ಸಲುವಾಗಿಯೇ ಇರಲಿ ಎಂದು ಎಲ್ಲರೂ ಒಪ್ಪಿದರು. ಆಗ ಸೆಕ್ರೆಟರಿ ಸಾಹೇಬರು ಗಂಟಲು ಸರಿಮಾಡಿಕೊಂಡರು. “ಹಂಗ ಬರಿಯಾಕ ಬರಲ್ರಿ. ಗುತ್ತಿಗಿ ನೌಕರಳ ಹೆಸರಿಗೆ ಎ.ಸಿ. ಇಡಾಕ ನಿಯಮ ಇಲ್ಲ. ಆಡಿಟ್‌ನವರು ಹಿಡೀತಾರ.”

“ಮತ್ತ?”

“ಮಿಷಿನ್ ಹೆಸರಿಗೆ ನಿಯಮ ಅದ. ಹಳೀ ಸರ್ವರ್ ಚಾಲೂನೇ ಇರ್ಲಿ. ತುರ್ತಿಗೆ ಬೇಕಾಗ್ತದ ಅಂತ ಬರೀತೇನಿ. ಮಳಿ ಬರೂತನ.”

ಹೀಗೆ, ಒಳಗೆ ಏನೂ ಇಲ್ಲದ ಡಬ್ಬಿಯೊಂದನ್ನು ಸಂಘದ ಹಿತದೃಷ್ಟಿಯಿಂದ ಚಾಲೂ ಇಡಲು, ಅದಕ್ಕೆ ತಂಪು ಒದಗಿಸಲು ಮತ್ತು ಅದರ ದೀಪಗಳನ್ನು ಗಮನಿಸಲು ಸರ್ವಾನುಮತದ ಠರಾವಾಯಿತು. ಅದು ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ನನ್ನ ಸಹಿಯಲ್ಲಿ. ಸಂತೋಷದಿಂದ ಬರೆದುಕೊಟ್ಟೆ. ಎಲೆಕ್ಟ್ರಿಷಿಯನ್ ಬಂದ ತಪ್ಪಿಗೆ ಹಾಲ್‌ನ ಕೆಟ್ಟ ಟ್ಯೂಬ್‌ಲೈಟು ಬದಲಿಸಿ ಹೋದ.

ಆ ಬೇಸಿಗೆಯ ಉಳಿದ ದಿನಗಳಲ್ಲಿ ಸರ್ವರ್‌ನ ಆರೋಗ್ಯ ವಿಚಾರಿಸಲು ಬಂದವರು ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡಿ, “ಹ್ಯಾಂಗದಿಯವ್ವಾ?” ಎಂದು ಅವಳನ್ನು ಕೇಳಿ ಹೋಗುತ್ತಿದ್ದರು. ಲೆಕ್ಕಿಗರು ಮೊಸರಿನ ಅರ್ಧ ಡಬ್ಬಿ ಅವಳಿಗೆ ಬಿಟ್ಟುಕೊಡುತ್ತಿದ್ದರು. ಮಳೆ ಹಿಡಿದ ಮೇಲೆ ಅವಳು ನೌಕರಿ ಹೋಗದಿರಲೆಂದು, ನಮ್ಮ ಗುತ್ತಿಗೆಯವರ ರೂಢಿಯಂತೆ, ನಾದಿನಿಯನ್ನು ಬದಲಿಗೆ ಕುರ್ಚಿಯಲ್ಲಿ ಕೂರಿಸಿ ತವರಿಗೆ ಹೋದಳು. ಹೆಣ್ಣು ಹುಟ್ಟಿತು. ಗಂಡ ಟಂಟಂ ತುಂಬ ಮಿಠಾಯಿ ತಂದು ಹಂಚಿದ. ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು, ಖಾಲಿ ಡಬ್ಬಿಗೆ ನಿಲ್ಲುವ ಆಜ್ಞೆ ಟೈಪು ಮಾಡಿದೆ. ಗುಂಯ್ ನಿಂತಿತು. ಎ.ಸಿ. ಅಧ್ಯಕ್ಷರ ಚೇಂಬರಿಗೆ ಹೋಯಿತು.

ಈಗ ಮತ್ತೆ ಏಪ್ರಿಲ್. ಅವಳು ಹಾಲ್‌ನಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತಿದ್ದಾಳೆ. ಮಗು ಇನ್ನೂ ಹಾಲು ಬಿಟ್ಟಿಲ್ಲವಾದ್ದರಿಂದ ಕರೆದುಕೊಂಡು ಬರುತ್ತಾಳೆ. ಎರಡು ಮೇಜಿನ ನಡುವೆ ಹಳೆಯ ದುಪಟ್ಟಾದ ಜೋಳಿಗೆ ಕಟ್ಟಿದ್ದೇವೆ. ಮಗುವಿನ ಕುತ್ತಿಗೆಯ ತುಂಬ ಬೆವರುಸಾಲೆ. ಅವಳು ಒಂದು ಕೈಯಿಂದ ರಸೀದಿ ಏರಿಸುತ್ತ ಇನ್ನೊಂದು ಕೈಯಿಂದ ರಟ್ಟಿನಲ್ಲಿ ಗಾಳಿ ಹಾಕುತ್ತಾಳೆ. ಕೂಲರ್ ಕೇಳಿ ಈ ಸಲವೂ ಅರ್ಜಿ ಕೊಟ್ಟೆವು. ಅಧ್ಯಕ್ಷರು ತುಂಬ ಅಂತಃಕರಣದಿಂದ ಮಗುವಿನ ಗಲ್ಲ ಹಿಂಡಿ, ಸೆಕ್ರೆಟರಿ ಸಾಹೇಬರನ್ನು ನೋಡಿದರು. ಸಾಹೇಬರು ಅಷ್ಟೇ ಅಂತಃಕರಣದಿಂದ, ನಿಯಮ ಇಲ್ಲ ಎಂದರು. ಕಡತದ ಪ್ರಕಾರ ನಮ್ಮ ಆಫೀಸಿನಲ್ಲಿ ತಂಪು ಬೇಕಾದ ಯಂತ್ರ ಈಗ ಒಂದೂ ಇಲ್ಲ.

ನಾನು ನಿನ್ನೆ ಟಿಪ್ಪಣಿ ಬರೆದು ಕಳಿಸಿದ್ದೇನೆ. ಸಂಘಕ್ಕೆ ತುರ್ತಾಗಿ ಹೊಸದೊಂದು ಸರ್ವರ್ ಬೇಕು.